ಸ್ಕಾಟ್‌ಲೆಂಡಿನ ಕೆಲ್ಟಿಕ್ ಸಂಶೋಧನೆ: ಅಭಿಮಾನವೂ ಪರೀಕ್ಷೆಯೂ

ತನ್ನ ನಾಡಿನ ಹಳೆಯ ಮಾತಿನಲ್ಲಿಯೂ ಹಳೆಯ ಹಾಡಿನಲ್ಲಿಯೂ ಅಭಿಮಾನವಿಲ್ಲದ ಜನಾಂಗವು ಬಹುಕಾಲ ತಲೆಯೆತ್ತಿ ಬಾಳಲಾರದೆಂಬುದನ್ನು ನಮ್ಮ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಆ ಅಭಿಮಾನವು ಪರೀಕ್ಷೆಗೆ ಅಂಜಿದರೆ ಏನಾಗುವುದೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ನಾಡಿನ ಮೇಲಣ ಪ್ರೀತಿಯಿಂದ ಹುಟ್ಟಿದ ಸುಳ್ಳು ನಾಡಿಗೆ ಹಿತವನ್ನು ಮಾಡುವುದೇ? ಪೂರ್ವಿಕರ ಹಾಡನ್ನು ಇನ್ನಷ್ಟು ಅಂದಗೊಳಿಸಿ ಲೋಕದ ಮುಂದಿಟ್ಟರೆ ಪೂರ್ವಿಕರಿಗೆ ಅದು ಗೌರವವೇ? ಈ ಪ್ರಶ್ನೆಗಳಿಂದ ನೊಂದು, ನಾಚಿ, ಕಡೆಗೆ ಉತ್ತರವನ್ನೂ ಕಂಡುಕೊಂಡ ಚಿಕ್ಕ ದೇಶವೊಂದುಂಟು. ಅದು ಸ್ಕಾಟ್‌ಲೆಂಡು.

ಆ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಸ್ಕಾಟಿಷ್ ಮತ್ತು ಕೆಲ್ಟಿಕ್ ವಿಷಯಗಳನ್ನು ಕುರಿತು ಸ್ನಾತಕೋತ್ತರ ವಿದ್ಯಾರ್ಥಿಗಳು ನಡೆಸುವ ಸಂಶೋಧನೆಗೆ ಒಂದು ಕಟ್ಟುಪಾಡು ಇದೆ. ಅಲ್ಲಿ ವಿದ್ಯಾರ್ಥಿಯು ಸ್ವತಂತ್ರನು, ಆದರೆ ನಿರಂಕುಶನಲ್ಲ. ಪ್ರಶ್ನೆ ಅವನದು, ದುಡಿಮೆ ಅವನದು, ತಪ್ಪಿನ ಹೊಣೆಯೂ ಅವನದೇ. ಆದರೆ ಅವನ ಬೆನ್ನ ಹಿಂದೆ ನಿಂತು "ಇದಕ್ಕೆ ಆಧಾರವೇನು?" ಎಂದು ಮತ್ತೆ ಮತ್ತೆ ಕೇಳುವ ಹಿರಿಯರೊಬ್ಬರು ಇರುತ್ತಾರೆ. ಸ್ವಾತಂತ್ರ್ಯವೂ ಮೇಲ್ವಿಚಾರಣೆಯೂ ಒಂದಕ್ಕೊಂದು ವೈರಿಗಳೆಂದು ಬಗೆದವರಿಗೆ ಈ ವ್ಯವಸ್ಥೆಯು ವಿಚಿತ್ರವಾಗಿ ತೋರಬಹುದು. ಅವೆರಡೂ ಕೂಡಿಯೇ ಇರಬೇಕಾದ ಕಾರಣವನ್ನು ಆ ನಾಡಿನ ಚರಿತ್ರೆಯಿಂದಲೇ ತಿಳಿಯಪಡಿಸುವುದು ಈ ಲೇಖನದ ಉದ್ದೇಶವು.

ಮೂರು ನುಡಿಗಳ ನಾಡು

ಸ್ಕಾಟ್‌ಲೆಂಡಿನಲ್ಲಿ ಮೂರು ನುಡಿಗಳಿವೆ. ಆಡಳಿತಕ್ಕೂ ವ್ಯಾಪಾರಕ್ಕೂ ಇಂಗ್ಲಿಷು. ಅದಕ್ಕೆ ಒಡಹುಟ್ಟಿದಂತಿದ್ದು, ಕವಿ ರಾಬರ್ಟ್ ಬರ್ನ್ಸನ ಬಾಯಲ್ಲಿ ಲೋಕಪ್ರಸಿದ್ಧವಾದುದು ಸ್ಕಾಟ್ಸ್ ನುಡಿ. ಮೂರನೆಯದು ಬೆಟ್ಟಸೀಮೆಯ ಮತ್ತು ಪಡುವಣ ದ್ವೀಪಗಳ ಗೇಲಿಕ್ ಭಾಷೆ. ಈ ಗೇಲಿಕ್ ಭಾಷೆಯು ಕೆಲ್ಟಿಕ್ ಕುಟುಂಬಕ್ಕೆ ಸೇರಿದುದು. ಐರಿಷ್, ಮ್ಯಾಂಕ್ಸ್, ವೆಲ್ಷ್, ಕಾರ್ನಿಷ್, ಬ್ರೆಟನ್ ಇವು ಅದರ ದಾಯಾದಿಗಳು. ಈ ಕುಟುಂಬಕ್ಕೂ ನಮ್ಮ ದೇಶದ ಸಂಸ್ಕೃತಕ್ಕೂ ದೂರದ ರಕ್ತಸಂಬಂಧವಿದೆಯೆಂಬುದನ್ನು ಭಾಷಾಶಾಸ್ತ್ರಜ್ಞರು ನಿಸ್ಸಂದೇಹವಾಗಿ ತೋರಿಸಿದ್ದಾರೆ. ನಮ್ಮ ‘ರಾಜ’ ಶಬ್ದಕ್ಕೆ ಹಳೆಯ ಐರಿಷಿನ ‘ರೀ’ ಎಂಬುದು ನಂಟು, ‘ಅಶ್ವ’ಕ್ಕೆ ಗೇಲಿಕ್ಕಿನ ‘ಎಖ್’, ‘ದಶ’ಕ್ಕೆ ‘ದೆಖ್’.

ಈ ಕುಟುಂಬದ ನುಡಿಗಳೆಲ್ಲವೂ ಕಷ್ಟಕಾಲವನ್ನು ಕಂಡವು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮ್ಯಾಂಕ್ಸ್ ಭಾಷೆಯನ್ನು ತಾಯ ಮಡಿಲಲ್ಲಿ ಕಲಿತವರಲ್ಲಿ ಕಡೆಯವನಾದ ನೆಡ್ ಮ್ಯಾಡ್ರೆಲ್ ಎಂಬ ಬೆಸ್ತನು 1974ರಲ್ಲಿ ತೀರಿಕೊಂಡನು. ಗೇಲಿಕ್ ಭಾಷೆಗೆ ಆ ಗತಿ ಬಂದಿಲ್ಲ. ಆದರೆ ಅದರ ನೆರಳು ಬಿದ್ದಿದೆ. ಆದುದರಿಂದ ಈ ನುಡಿಗಳನ್ನು ಕುರಿತ ಸಂಶೋಧನೆಯು ಗ್ರಂಥಾಲಯದ ವಿಲಾಸವಲ್ಲ. ಆರುತ್ತಿರುವ ದೀಪದ ಬೆಳಕಿನಲ್ಲಿ ಮಾಡಬೇಕಾದ ಓದು.

ಓಸಿಯನ್ನನ ಪ್ರಕರಣ

1760ರಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬ ತರುಣನು ಬೆಟ್ಟಸೀಮೆಯ ಪುರಾತನ ಕಾವ್ಯಖಂಡಗಳ ಇಂಗ್ಲಿಷ್ ಅನುವಾದವೆಂದು ಹೇಳಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಮುಂದಿನ ಮೂರು ವರ್ಷಗಳಲ್ಲಿ ‘ಫಿಂಗಲ್’, ‘ಟೆಮೋರ’ ಎಂಬ ಎರಡು ಮಹಾಕಾವ್ಯಗಳು ಬಂದವು. ಇವೆಲ್ಲವೂ ಮೂರನೆಯ ಶತಮಾನದ ಓಸಿಯನ್ ಎಂಬ ಕುರುಡು ಕವಿಯ ರಚನೆಗಳೆಂದು ಅವನು ಸಾರಿದನು. ಯೂರೋಪು ಮರುಳಾಯಿತು. ಜರ್ಮನಿಯಲ್ಲಿ ಗಯಟೆ ಮೆಚ್ಚಿದನು. ನೆಪೋಲಿಯನ್ನನು ಅದನ್ನು ಪ್ರೀತಿಯಿಂದ ಓದುತ್ತಿದ್ದನು. 1746ರ ಕಲ್ಲೋಡನ್ ಕಾಳಗದಲ್ಲಿ ಸೋತು, ಕತ್ತಿಯನ್ನೂ ಉಡುಪನ್ನೂ ಕಳೆದುಕೊಂಡು ತಲೆತಗ್ಗಿಸಿದ್ದ ಬೆಟ್ಟಸೀಮೆಯವರಿಗೆ ತಮ್ಮಲ್ಲಿಯೂ ಹೋಮರನಿಗೆ ಸಮನಾದ ಕವಿಯಿದ್ದನೆಂಬ ಮಾತು ಎಷ್ಟು ಹಿತವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ಮೂಲ ಹಸ್ತಪ್ರತಿಗಳನ್ನು ತೋರಿಸೆಂದು ಕೇಳಿದಾಗ ಮ್ಯಾಕ್‌ಫರ್ಸನ್ನನು ಜಾರಿಕೊಂಡನು. ಇಂಗ್ಲೆಂಡಿನ ಡಾಕ್ಟರ್ ಜಾನ್ಸನ್ನನು ಇದು ಮೋಸವೆಂದು ಬಹಿರಂಗವಾಗಿ ಬರೆದನು. ಸ್ಕಾಟ್‌ಲೆಂಡಿನ ಹೈಲೆಂಡ್ ಸೊಸೈಟಿಯು ವಿಚಾರಣೆ ನಡೆಸಿ 1805ರಲ್ಲಿ ತನ್ನ ವರದಿಯನ್ನು ಹೊರಡಿಸಿತು. ಬೆಟ್ಟಸೀಮೆಯಲ್ಲಿ ಫಿನ್ ಎಂಬ ವೀರನನ್ನೂ ಅವನ ಸಂಗಡಿಗರನ್ನೂ ಕುರಿತ ಹಳೆಯ ಲಾವಣಿಗಳು ನಿಜವಾಗಿಯೂ ಇದ್ದವು. ಆದರೆ ಮ್ಯಾಕ್‌ಫರ್ಸನ್ನನು ಅಚ್ಚುಹಾಕಿಸಿದ ಮಹಾಕಾವ್ಯಗಳು ಇದ್ದಂತೆ ಎಲ್ಲಿಯೂ ದೊರೆಯಲಿಲ್ಲ. ಅವನು ಯಾವ ಲಾವಣಿಯನ್ನು ಎಲ್ಲಿ ಬಳಸಿದನು, ಎಲ್ಲಿ ಬೆಳೆಸಿದನು, ಎಲ್ಲಿ ಸ್ವಂತವಾಗಿ ಕಟ್ಟಿದನು ಎಂಬುದನ್ನು ಮೂಲಗಳೊಡನೆ ಹೋಲಿಸಿ ತೋರಿಸಿದ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಡೆರಿಕ್ ಥಾಮ್ಸನ್. ಲೂಯಿಸ್ ದ್ವೀಪದವರು, ತಾವೇ ಗೇಲಿಕ್ ಕವಿಗಳು, ಮುಂದೆ ಗ್ಲಾಸ್ಗೋದಲ್ಲಿ ಕೆಲ್ಟಿಕ್ ಪ್ರಾಧ್ಯಾಪಕರಾದವರು.

ಈ ಪ್ರಕರಣದಲ್ಲಿ ನಷ್ಟವಾದುದು ಯಾರಿಗೆ? ಮ್ಯಾಕ್‌ಫರ್ಸನ್ನನಿಗಲ್ಲ. ಅವನು ಹಣವನ್ನೂ ಕೀರ್ತಿಯನ್ನೂ ಗಳಿಸಿ, ಪಾರ್ಲಿಮೆಂಟಿನ ಸದಸ್ಯನೂ ಆಗಿ, ಕಡೆಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯನ್ನು ಪಡೆದನು. ನಷ್ಟವಾದುದು ಗೇಲಿಕ್ ಭಾಷೆಗೆ. ಪೇಟೆಯಲ್ಲಿ ಒಂದು ಖೋಟಾ ನಾಣ್ಯವು ಸಿಕ್ಕಿಬಿದ್ದರೆ ಒಳ್ಳೆಯ ನಾಣ್ಯವನ್ನೂ ಜನರು ಕಲ್ಲಿಗೆ ಬಡಿದು ನೋಡುತ್ತಾರೆ. ಹಾಗೆಯೇ ಗುಡಿಸಲುಗಳಲ್ಲಿ ನಿಜವಾಗಿ ಉಳಿದಿದ್ದ ಹಾಡುಗಳ ಮೇಲೆಯೂ ಶಂಕೆಯ ಮಸಿ ಬಿದ್ದಿತು. ನೂರು ವರ್ಷಗಳವರೆಗೆ ಗೇಲಿಕ್ ಸಾಹಿತ್ಯವೆಂದರೆ ವಿದ್ವಾಂಸರು ಮೊದಲು ಕೇಳುತ್ತಿದ್ದುದು "ಇದು ನಿಜವೇ?" ಎಂದು. ಪರೀಕ್ಷೆಗೆ ಅಂಜಿದ ಅಭಿಮಾನವು ತಾನು ಪ್ರೀತಿಸಿದ ವಸ್ತುವಿಗೇ ಕೇಡು ತಂದಿತು.

ಶಾಲೆಯ ಬಾಗಿಲು, ವಿಶ್ವವಿದ್ಯಾನಿಲಯದ ಪೀಠ

ಒಂದು ಕಡೆ ಅತಿಪ್ರೀತಿಯ ಕೇಡಾದರೆ ಮತ್ತೊಂದು ಕಡೆ ಅನಾದರದ ಕೇಡು. 1872ರ ಶಿಕ್ಷಣದ ಕಾನೂನು ಸ್ಕಾಟ್‌ಲೆಂಡಿನ ಮಕ್ಕಳೆಲ್ಲರನ್ನೂ ಶಾಲೆಗೆ ಕರೆಯಿತು. ಆದರೆ ಗೇಲಿಕ್ ಭಾಷೆಗೆ ಆ ಕಾನೂನಿನಲ್ಲಿ ಸ್ಥಳವಿರಲಿಲ್ಲ. ಮನೆಯ ಮಾತನ್ನು ಶಾಲೆಯಲ್ಲಿ ಆಡಿದುದಕ್ಕಾಗಿ ಮಕ್ಕಳು ಏಟು ತಿಂದುದೂ ಉಂಟು. ಗೇಲಿಕ್ ಬಲ್ಲವರ ಸಂಖ್ಯೆಯು 1891ರ ಖಾನೇಷುಮಾರಿಯಲ್ಲಿ ಸುಮಾರು 2,54,000 ಇದ್ದುದು 2011ರ ವೇಳೆಗೆ ಸುಮಾರು 57,000ಕ್ಕೆ ಇಳಿಯಿತು.

ಇಂತಹ ಸ್ಥಿತಿಯಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಜಾನ್ ಸ್ಟುವರ್ಟ್ ಬ್ಲ್ಯಾಕೀ ಎಂಬವರು ಕಾರ್ಯಕ್ಕಿಳಿದರು. ಅವರ ಮನೆಮಾತು ಗೇಲಿಕ್ ಅಲ್ಲ. ಆದರೂ ತಮ್ಮ ದೇಶದ ಹಳೆಯ ಭಾಷೆಗೆ ತಮ್ಮ ದೇಶದ ವಿಶ್ವವಿದ್ಯಾನಿಲಯಗಳಲ್ಲಿಯೇ ಒಂದು ಪೀಠವಿಲ್ಲದಿರುವುದು ಅವಮಾನವೆಂದು ಅವರಿಗೆ ತೋರಿತು. ಆಗ ಆಕ್ಸ್‌ಫರ್ಡಿನಲ್ಲಿ ಕೆಲ್ಟಿಕ್ ಪೀಠವಿದ್ದಿತು, ಸ್ಕಾಟ್‌ಲೆಂಡಿನಲ್ಲಿ ಇರಲಿಲ್ಲ. ಮುಪ್ಪಿನ ಆ ಪ್ರಾಧ್ಯಾಪಕರು ಊರೂರು ತಿರುಗಿ, ಉಪನ್ಯಾಸಗಳನ್ನು ಮಾಡಿ, ಚಂದಾ ಎತ್ತಿ, ಸುಮಾರು 12,000 ಪೌಂಡುಗಳನ್ನು ಕೂಡಿಸಿದರು. 1882ರಲ್ಲಿ ಪೀಠವು ಸ್ಥಾಪಿತವಾಯಿತು. ಅದರ ಮೇಲೆ ಮೊದಲು ಕುಳಿತವರು ಕೊಲೊನ್ಸೇ ದ್ವೀಪದಲ್ಲಿ ಹುಟ್ಟಿ ಶಾಲಾ ಉಪಾಧ್ಯಾಯರಾಗಿದ್ದ ಡೊನಾಲ್ಡ್ ಮ್ಯಾಕಿನ್ನನ್. ಶಾಲೆಯ ಬಾಗಿಲಿನಿಂದ ಹೊರದೂಡಲ್ಪಟ್ಟ ಭಾಷೆಯು ಹತ್ತು ವರ್ಷಗಳೊಳಗಾಗಿ ವಿಶ್ವವಿದ್ಯಾನಿಲಯದ ಪೀಠವನ್ನೇರಿದುದು ಚರಿತ್ರೆಯ ವಿನೋದಗಳಲ್ಲೊಂದು.

ಈ ವಿದ್ಯೆಯ ಶಾಸ್ತ್ರೀಯ ಅಡಿಪಾಯವನ್ನು ಹಾಕಿದವನು ಸ್ಕಾಟನೂ ಅಲ್ಲ, ಐರಿಷನೂ ಅಲ್ಲ. ಯೋಹಾನ್ ಕಾಸ್ಪರ್ ಝೋಯ್ಸ್ ಎಂಬ ಜರ್ಮನನು. ಅವನ ಕೆಲ್ಟಿಕ್ ವ್ಯಾಕರಣವು 1853ರಲ್ಲಿ ಹೊರಬಂದಿತು. ಆ ಕಾರ್ಯವನ್ನು ಮುಂದುವರಿಸಿದ ವಿದ್ವಾಂಸರಲ್ಲಿ ಅಗ್ರಗಣ್ಯನಾದ ವಿಟ್ಲೀ ಸ್ಟೋಕ್ಸನು ಡಬ್ಲಿನ್ನಿನವನಾದರೂ 1862ರಿಂದ 1882ರವರೆಗೆ ಭಾರತದಲ್ಲಿ ಉದ್ಯೋಗಿಯಾಗಿದ್ದನು. ವೈಸರಾಯರ ಸಭೆಯಲ್ಲಿ ಕಾನೂನಿನ ಸದಸ್ಯನಾಗಿ ನಮ್ಮ ದೇಶದ ಅನೇಕ ಕಾಯಿದೆಗಳ ಕರಡುಗಳನ್ನು ತಿದ್ದುತ್ತಿದ್ದ ಆ ಕೈಯೇ ಬಿಡುವಿನ ವೇಳೆಯಲ್ಲಿ ಹಳೆಯ ಐರಿಷ್ ಪಾಠಗಳನ್ನು ಸಂಪಾದಿಸುತ್ತಿತ್ತು. ಅವುಗಳಲ್ಲಿ ಕೆಲವು ಕಲ್ಕತ್ತೆಯಲ್ಲಿಯೇ ಅಚ್ಚಾದವು. ಒಂದು ನಾಡಿನ ವಿದ್ಯೆಯು ಆ ನಾಡಿನವರ ಸ್ವತ್ತು ಮಾತ್ರವಲ್ಲ. ಶ್ರಮಪಟ್ಟು ಕಲಿತವರೆಲ್ಲರಿಗೂ ಅದರಲ್ಲಿ ಭಾಗವುಂಟು.

ಪದವಿಯ ಕಟ್ಟುಪಾಡು

ಪಿಎಚ್.ಡಿ. ಎಂಬ ಪದವಿಯು ಬ್ರಿಟನ್ನಿನಲ್ಲಿ ಹಳೆಯದಲ್ಲ. ಜರ್ಮನಿಯ ಮಾದರಿಯನ್ನು ನೋಡಿ ಆಕ್ಸ್‌ಫರ್ಡು 1917ರಲ್ಲಿ ಅದನ್ನು ಮೊದಲು ತಂದಿತು, ಉಳಿದವು ಅನುಸರಿಸಿದವು. ಇಂದು ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನುಗಳಲ್ಲಿಯೂ, ಸ್ಕೈ ದ್ವೀಪದಲ್ಲಿ 1973ರಲ್ಲಿ ಹಳೆಯ ತೋಟದ ಕೊಟ್ಟಿಗೆಯ ಕಟ್ಟಡದಲ್ಲಿ ಆರಂಭವಾದ ಸಾವಲ್ ಮೋರ್ ಓಸ್ಟಕ್ ಎಂಬ ಗೇಲಿಕ್ ಕಾಲೇಜಿನಲ್ಲಿಯೂ ಈ ವಿಷಯಗಳಲ್ಲಿ ಸಂಶೋಧನೆ ನಡೆಯುತ್ತದೆ.

ಇಲ್ಲಿ ತರಗತಿಯ ಗಂಟೆಯಿಲ್ಲ, ಬಾಯಿಪಾಠವಿಲ್ಲ. ಒಂದು ವರ್ಷದ ಸಂಶೋಧನಾ ಸ್ನಾತಕೋತ್ತರ ಪದವಿಯು ಕಸುಬನ್ನು ಕಲಿಯುವ ಅವಧಿಯಿದ್ದಂತೆ. ಅದರ ಮುಂದಿನದು ಮೂರು ವರ್ಷಗಳ ಪಿಎಚ್.ಡಿ.; ಉದ್ಯೋಗದಲ್ಲಿದ್ದುಕೊಂಡು ಮಾಡುವವರಿಗೆ ಅವಧಿಯು ಅದರ ಇಮ್ಮಡಿ. ವಿದ್ಯಾರ್ಥಿಯು ಅರ್ಜಿ ಹಾಕುವಾಗಲೇ ತನ್ನ ಪ್ರಶ್ನೆಯೇನು, ಅದಕ್ಕೆ ಸಾಮಗ್ರಿಯೆಲ್ಲಿ, ಈ ಮೊದಲು ಯಾರು ಏನು ಹೇಳಿದ್ದಾರೆ ಎಂಬುದನ್ನು ಬರೆದು ಒಪ್ಪಿಸಬೇಕು. ಸಾಮಾನ್ಯವಾಗಿ ಇಬ್ಬರು ಮಾರ್ಗದರ್ಶಕರು ಗೊತ್ತಾಗುತ್ತಾರೆ. ಮೊದಲ ವರ್ಷದ ಕೊನೆಯಲ್ಲಿ ಕೆಲಸವನ್ನು ಒರೆಹಚ್ಚಿ ನೋಡಿ, ಮುಂದುವರಿಯಲು ಯೋಗ್ಯವೇ ಎಂದು ತೀರ್ಮಾನಿಸುತ್ತಾರೆ. ಬದುಕಿರುವ ಜನರ ಮಾತನ್ನೋ ಹಾಡನ್ನೋ ದಾಖಲಿಸುವುದಾದರೆ ಅವರ ಒಪ್ಪಿಗೆಯನ್ನು ಹೇಗೆ ಪಡೆಯುವೆನೆಂಬುದಕ್ಕೂ ವಿಶ್ವವಿದ್ಯಾನಿಲಯದ ಸಮ್ಮತಿ ಬೇಕು. ಕಡೆಗೆ ಒಂದು ಲಕ್ಷ ಶಬ್ದಗಳನ್ನು ಮೀರದ ಪ್ರಬಂಧವು ಸಿದ್ಧವಾಗುತ್ತದೆ. ಅದನ್ನು ಗೇಲಿಕ್ ಭಾಷೆಯಲ್ಲಿಯೇ ಬರೆಯಲೂ ದಾರಿಯಿದೆ.

ನಮ್ಮ ವಾಚಕರು ವಿಶೇಷವಾಗಿ ಲಕ್ಷ್ಯವಿಡಬೇಕಾದುದು ಪರೀಕ್ಷೆಯ ರೀತಿಯನ್ನು. ಮಾರ್ಗದರ್ಶಕರೇ ಪರೀಕ್ಷಕರಾಗುವಂತಿಲ್ಲ. ಅದೇ ವಿಶ್ವವಿದ್ಯಾನಿಲಯದವರೊಬ್ಬರು, ಹೊರಗಿನವರೊಬ್ಬರು, ಈ ಇಬ್ಬರು ಪ್ರಬಂಧವನ್ನು ಓದಿ, ಮುಚ್ಚಿದ ಕೊಠಡಿಯಲ್ಲಿ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಪ್ರಶ್ನಿಸುತ್ತಾರೆ. ಅಲ್ಲಿ ಗುರುವಿನ ಹೆಸರು ಕಾಯುವುದಿಲ್ಲ. ವಿಷಯದ ಮೇಲಣ ಭಕ್ತಿಯೂ ಕಾಯುವುದಿಲ್ಲ. ಆಧಾರವೊಂದೇ ಕಾಯುತ್ತದೆ. ಮ್ಯಾಕ್‌ಫರ್ಸನ್ನನಿಗೆ ಇಂತಹ ಒಂದು ಕೊಠಡಿಯಿದ್ದಿದ್ದರೆ ಗೇಲಿಕ್ ಭಾಷೆಯು ನೂರು ವರ್ಷಗಳ ಅಪವಾದದಿಂದ ಪಾರಾಗುತ್ತಿತ್ತೆಂದು ನಮಗೆ ತೋರುತ್ತದೆ.

ತಿದ್ದಿದ ಹಾಡುಗಳು, ತಿದ್ದದ ಪುಸ್ತಿಕೆಗಳು

ಆದರೆ ಪರೀಕ್ಷೆಯೆಂದರೆ ಬರಿಯ ದೋಷಾರೋಪಣೆಯಲ್ಲ. ಅಲೆಗ್ಸಾಂಡರ್ ಕಾರ್ಮೈಕೇಲನ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಲಿಸ್ಮೋರ್ ದ್ವೀಪದ ಈತನು ಅಬಕಾರಿ ಇಲಾಖೆಯ ನೌಕರನು. ಕಳ್ಳಭಟ್ಟಿಯನ್ನು ಹುಡುಕಬೇಕಾದ ಉದ್ಯೋಗದಲ್ಲಿದ್ದುಕೊಂಡು ಹಾಡನ್ನು ಹುಡುಕಿದ ಪುಣ್ಯವಂತನು. ಬೆಂಕಿಯನ್ನು ಮುಚ್ಚಿಡುವಾಗ, ಹಸುವನ್ನು ಕರೆಯುವಾಗ, ದೋಣಿಯನ್ನು ನೀರಿಗಿಳಿಸುವಾಗ ದ್ವೀಪದ ಜನರು ಹೇಳುತ್ತಿದ್ದ ಪ್ರಾರ್ಥನೆಗಳನ್ನೂ ಹಾಡುಗಳನ್ನೂ ದಶಕಗಳ ಕಾಲ ಸಂಗ್ರಹಿಸಿ, 1900ರಲ್ಲಿ ‘ಕಾರ್ಮಿನಾ ಗಡೇಲಿಕಾ’ ಎಂಬ ಹೆಸರಿನಿಂದ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಗ್ರಂಥದ ಸೌಂದರ್ಯವನ್ನು ಎಲ್ಲರೂ ಹೊಗಳಿದರು.

1976ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಶ್ನೆಯೆದ್ದಿತು: ಇಷ್ಟು ನಯವಾದ ಪಾಠಗಳು ನಿಜವಾಗಿ ಜನರ ಬಾಯಿಂದ ಬಂದವೇ? ಎರಡು ವರ್ಷಗಳ ತರುವಾಯ ಕ್ಯಾನಾ ದ್ವೀಪದ ಜಾನ್ ಲಾರ್ನ್ ಕ್ಯಾಂಬೆಲ್ಲರು ಕಾರ್ಮೈಕೇಲನ ಪರವಾಗಿ ಉತ್ತರ ಬರೆದರು. ಮತ್ತೊಂದು ಓಸಿಯನ್ ಪ್ರಕರಣವೇ ಎಂದು ಜನರು ಅಂಜಿದ್ದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಒಂದು ಭೇದವಿದ್ದಿತು. ಕಾರ್ಮೈಕೇಲನ ಪುಸ್ತಿಕೆಗಳು, ಎಂದರೆ ಅವನು ಗುಡಿಸಲುಗಳಲ್ಲಿ ಕುಳಿತು ಅವಸರದಲ್ಲಿ ಬರೆದುಕೊಂಡ ಟಿಪ್ಪಣಿಗಳು, ಎಡಿನ್‌ಬರೋ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಉಳಿದಿದ್ದವು. ಅವುಗಳನ್ನು ಒಂದೊಂದಾಗಿ ಓದಿ, ಅಚ್ಚಿನ ಪಾಠದೊಡನೆ ಹೋಲಿಸಿ, ಪಟ್ಟಿಮಾಡಿ, ಸಾರ್ವಜನಿಕರಿಗೆ ತೆರೆದಿಡುವ ಕೆಲಸವು ನಡೆಯಿತು. ಆಗ ಹೊರಬಿದ್ದ ಸತ್ಯವು ಎರಡು ಪಕ್ಷದವರಿಗೂ ಪಾಠ ಕಲಿಸಿತು. ಕಾರ್ಮೈಕೇಲನು ಹಾಡುಗಳನ್ನು ಸೃಷ್ಟಿಸಿದವನಲ್ಲ. ನಿಜವಾಗಿ ಕೇಳಿ ಬರೆದವನು. ಆದರೆ ಅಚ್ಚಿಗೆ ಕೊಡುವ ಮುನ್ನ ಎರಡು ಮೂರು ಪಾಠಗಳನ್ನು ಬೆಸೆದನು, ಸಾಲುಗಳನ್ನು ನಯಗೊಳಿಸಿದನು, ಹಳೆಯ ಕಳೆ ಬರಲೆಂದು ಶಬ್ದಗಳನ್ನು ಬದಲಿಸಿದನು.

ಈ ತೀರ್ಪಿನಿಂದ ಕಾರ್ಮೈಕೇಲನ ಮಾನವೂ ಉಳಿಯಿತು. ದ್ವೀಪದ ಜನರ ನಿಜವಾದ ನುಡಿಯೂ ದೊರೆಯಿತು. ಅಂದದ ಪಾಠಕ್ಕಿಂತ ಅಂಕುಡೊಂಕಾದ ಪುಸ್ತಿಕೆಯು ಹೆಚ್ಚು ಬೆಲೆಯುಳ್ಳದ್ದೆಂಬುದು ಇಂದು ಅಲ್ಲಿನ ಸಂಶೋಧನಾ ವಿದ್ಯಾರ್ಥಿಗೆ ಮೊದಲ ಪಾಠ. ಪೆರ್ತ್‌ಷೈರಿನಲ್ಲಿ 1512ರಿಂದ 1542ರವರೆಗಿನ ಅವಧಿಯಲ್ಲಿ ಬರೆದಿಟ್ಟ ‘ಲಿಸ್ಮೋರಿನ ಡೀನನ ಗ್ರಂಥ’ವೆಂಬ ಹಸ್ತಪ್ರತಿಯು ಇದಕ್ಕೆ ಇನ್ನೊಂದು ನಿದರ್ಶನ. ಅದರಲ್ಲಿ ಗೇಲಿಕ್ ಕವಿತೆಗಳನ್ನು ಗೇಲಿಕ್ ಕಾಗುಣಿತದಲ್ಲಿ ಬರೆಯದೆ ಸ್ಕಾಟ್ಸ್ ನುಡಿಯ ಕಾಗುಣಿತದಲ್ಲಿ, ಕಿವಿಗೆ ಕೇಳಿಸಿದಂತೆ ಬರೆಯಲಾಗಿದೆ. ಒಂದೊಂದು ಸಾಲನ್ನು ಬಿಡಿಸುವುದಕ್ಕೂ ದಿನಗಳು ಹಿಡಿಯುತ್ತವೆ. ಅಲ್ಲಿ ಅವಸರಪಟ್ಟು ಊಹೆ ಮಾಡುವ ವಿದ್ಯಾರ್ಥಿಗೆ "ನಿಲ್ಲು" ಎನ್ನುವ ಮಾರ್ಗದರ್ಶಕರೇ ನಿಜವಾದ ಮಿತ್ರರು.

ಬೆಸ್ತರ ಕೇರಿಯಲ್ಲಿ

ಮಾರ್ಗದರ್ಶನದ ಅವಶ್ಯಕತೆಯನ್ನು ಇಷ್ಟು ಹೇಳಿದ ಮೇಲೆ ಸ್ವಾತಂತ್ರ್ಯದ ಅವಶ್ಯಕತೆಯನ್ನೂ ಹೇಳಬೇಕು. ಅದಕ್ಕೆ ನ್ಯಾನ್ಸಿ ಡೋರಿಯನ್ ಎಂಬವರ ದೃಷ್ಟಾಂತಕ್ಕಿಂತ ಉತ್ತಮವಾದುದು ನಮಗೆ ಕಾಣದು.

1963ರಲ್ಲಿ ಡೋರಿಯನ್ನರು ಅಮೇರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿನಿ. 1949ರಲ್ಲಿ ಎಡಿನ್‌ಬರೋದಲ್ಲಿ ಆರಂಭವಾದ ಸ್ಕಾಟ್‌ಲೆಂಡಿನ ಭಾಷಾ ಸರ್ವೇಕ್ಷಣೆಯ ಸಂಬಂಧದಲ್ಲಿ ಅವರು ಬಡಗಣ ಸದರ್‌ಲೆಂಡ್ ಸೀಮೆಯ ಮೂಡಣ ಕರಾವಳಿಗೆ ಬಂದರು. ಬ್ರೋರ, ಗೋಲ್ಸ್‌ಪೀ, ಎಂಬೋ ಎಂಬ ಮೂರು ಊರುಗಳ ಬೆಸ್ತರ ಕೇರಿಗಳಲ್ಲಿ ಒಂದು ವಿಶಿಷ್ಟವಾದ ಗೇಲಿಕ್ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಮೀನುದಾರರು ಕುರಿಗಳಿಗಾಗಿ ಒಳನಾಡಿನ ರೈತರನ್ನು ಒಕ್ಕಲೆಬ್ಬಿಸಿ ಕಡಲ ದಂಡೆಗೆ ತಳ್ಳಿದ್ದರು. ಹಾಗೆ ಬೆಸ್ತರಾದವರನ್ನು ನೆರೆಯವರು ಕೀಳಾಗಿ ಕಂಡರು. ಅವರೊಡನೆ ಹೆಣ್ಣುಗಂಡಿನ ಸಂಬಂಧ ಬೆಳೆಸಲಿಲ್ಲ. ಆ ತಿರಸ್ಕಾರವೇ ಬೇಲಿಯಾಗಿ ಅವರ ನುಡಿಯನ್ನು ಉಳಿಸಿತ್ತು. ಡೋರಿಯನ್ನರು ಬಂದಾಗ ಅದನ್ನು ಆಡುವವರು ಸುಮಾರು 200 ಮಂದಿ.

ಅವರ ಮೊದಲಿನ ಕೆಲಸವು ಆ ನುಡಿಯ ಧ್ವನಿಗಳನ್ನು ವರ್ಣಿಸುವುದಾಗಿತ್ತು. 1965ರಲ್ಲಿ ಪದವಿಯೂ ದೊರೆಯಿತು. ಆದರೆ ಕೇರಿಯ ಜನರು ಅವರ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟರು. ಕೆಲವರು ಗೇಲಿಕ್ಕನ್ನು ತಪ್ಪುತಪ್ಪಾಗಿ ಆಡುತ್ತಿದ್ದರು. ಆದರೆ ಹಿರಿಯರು ಆಡಿದ ಒಂದೊಂದು ಮಾತನ್ನೂ ಗ್ರಹಿಸುತ್ತಿದ್ದರು. ಎಲ್ಲಿ ನಗಬೇಕೋ ಅಲ್ಲಿ ನಗುತ್ತಿದ್ದರು. ಸಾಮಾನ್ಯವಾಗಿ ಭಾಷಾಶಾಸ್ತ್ರಜ್ಞರು ಇಂತಹವರನ್ನು ಬದಿಗೆ ಸರಿಸಿ "ಶುದ್ಧ"ವಾಗಿ ಆಡುವ ಮುದುಕರನ್ನು ಹುಡುಕುತ್ತಾರೆ. ಡೋರಿಯನ್ನರು ಅವರನ್ನೇ ಕೇಳತೊಡಗಿದರು. ಅವರಿಗೆ ‘ಅರೆಭಾಷಿಗರು’ ಎಂಬ ಹೆಸರನ್ನಿತ್ತರು. ಭಾಷೆಯೊಂದು ಸಾಯುವಾಗ ಹೇಗೆ ಸಾಯುತ್ತದೆ, ಯಾವ ಅಂಗವು ಮೊದಲು ಶಿಥಿಲವಾಗುತ್ತದೆ, ಯಾವುದು ಕಡೆಯವರೆಗೆ ಗಟ್ಟಿಯಾಗಿರುತ್ತದೆ ಎಂಬುದನ್ನು ಅವರು 1981ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಳಿಯುತ್ತಿರುವ ಭಾಷೆಗಳ ಅಧ್ಯಯನಕ್ಕೆ ಅದು ಲೋಕದಲ್ಲೆಲ್ಲ ಆಧಾರಗ್ರಂಥವಾಯಿತು. 2010ರ ಇನ್ನೊಂದು ಗ್ರಂಥದಲ್ಲಿ, ಒಂದೇ ಕೇರಿಯಲ್ಲಿ ಒಂದೇ ಬಗೆಯ ಬದುಕು ನಡೆಸಿದವರ, ಒಡಹುಟ್ಟಿದವರ ಬಾಯಲ್ಲಿಯೂ ಶಬ್ದರೂಪಗಳು ಬೇರೆಬೇರೆಯಾಗಿದ್ದುದನ್ನು ತೋರಿಸಿ, ಅದು ದೋಷವಲ್ಲ, ಭಾಷೆಯ ಸಹಜ ಸ್ವಭಾವವೇ ಎಂದು ಸ್ಥಾಪಿಸಿದರು. ಪದವಿಗಾಗಿ ಹಿಡಿದ ಪ್ರಶ್ನೆಯು ನಾಲ್ವತ್ತು ವರ್ಷಗಳಿಗೂ ಮೀರಿ ಅವರ ಕೈಬಿಡಲಿಲ್ಲ.

ಅಪ್ಪಣೆಯಂತೆ ಪಟ್ಟಿಯನ್ನು ತುಂಬಿಕೊಡುವ ಗುಮಾಸ್ತೆಯ ಬುದ್ಧಿಯಿದ್ದಿದ್ದರೆ ಈ ಶೋಧವಾಗುತ್ತಿರಲಿಲ್ಲ. ಎದುರಿಗಿರುವ ಮನುಷ್ಯರು ಪ್ರಶ್ನೆಯನ್ನೇ ಬದಲಾಯಿಸಿದಾಗ ಅದಕ್ಕೆ ತಲೆಬಾಗುವ ಸ್ವಾತಂತ್ರ್ಯವು ಸಂಶೋಧಕನಿಗೆ ಇರಬೇಕು. ಮೇಲ್ವಿಚಾರಣೆಯಿಲ್ಲದ ಸ್ವಾತಂತ್ರ್ಯದಿಂದ ಓಸಿಯನ್ ಹುಟ್ಟುತ್ತಾನೆ. ಸ್ವಾತಂತ್ರ್ಯವಿಲ್ಲದ ಮೇಲ್ವಿಚಾರಣೆಯಿಂದ ಬರಿಯ ಪಟ್ಟಿಗಳು ಹುಟ್ಟುತ್ತವೆ.

ಹೇಳಿದವರ ಹೆಸರು

ಮತ್ತೊಂದು ಧರ್ಮವನ್ನೂ ಈ ವಿದ್ಯೆಯು ನಿಧಾನವಾಗಿ ಕಲಿತಿದೆ. ಅದೆಂದರೆ ಹೇಳಿದವರ ಹೆಸರನ್ನು ಬರೆಯುವುದು. ಐಲಾ ದ್ವೀಪದ ಜಾನ್ ಫ್ರಾನ್ಸಿಸ್ ಕ್ಯಾಂಬೆಲ್ಲನು 1860ರಿಂದ 1862ರವರೆಗೆ ಪ್ರಕಟಿಸಿದ ಬೆಟ್ಟಸೀಮೆಯ ಜನಪದ ಕಥೆಗಳ ನಾಲ್ಕು ಸಂಪುಟಗಳಲ್ಲಿ ಕಥೆಯನ್ನು ಹೇಳಿದವರು ಯಾರು, ಯಾವ ಊರು, ಯಾವ ಕಸುಬು ಎಂಬುದನ್ನು ಕಾಣಿಸಿದನು. 1951ರಲ್ಲಿ ಎಡಿನ್‌ಬರೋದಲ್ಲಿ ಸ್ಥಾಪಿತವಾದ ಸ್ಕಾಟಿಷ್ ಅಧ್ಯಯನ ಶಾಲೆಯು ಇದನ್ನೇ ನಿಯಮವಾಗಿ ಮಾಡಿಕೊಂಡಿತು. ಅದರ ಮೊದಲ ಸಂಗ್ರಾಹಕರಾದ ರಾಸೇ ದ್ವೀಪದ ಕೇಲಮ್ ಮೆಕ್ಲೀನರು ಧ್ವನಿಮುದ್ರಣ ಯಂತ್ರವನ್ನು ಹೊತ್ತು ಗುಡ್ಡ ದ್ವೀಪಗಳನ್ನು ತಿರುಗಿ, ಕಾಯಿಲೆಯನ್ನೂ ಲೆಕ್ಕಿಸದೆ ದುಡಿದು 1960ರಲ್ಲಿ ತೀರಿಕೊಂಡರು. ಹೇಮಿಷ್ ಹೆಂಡರ್ಸನ್ನರು 1953ರಲ್ಲಿ ಅಬರ್ಡೀನಿನ ಜೀನೀ ರಾಬರ್ಟ್‌ಸನ್ ಎಂಬ ಹೆಂಗಸಿನ ಮನೆಯ ಬಾಗಿಲನ್ನು ತಟ್ಟಿದರು. ಆಕೆಯು ಅಲೆಮಾರಿ ಕುಲದವಳು. ಊರವರು ಹೊಸಲು ಹತ್ತಿಸದ ಆ ಕುಲದ ಕಂಠಗಳಲ್ಲಿ ಸ್ಕಾಟ್ಸ್ ನುಡಿಯ ಉತ್ತಮೋತ್ತಮ ಲಾವಣಿಗಳು ಉಳಿದಿದ್ದವು. ಆ ಧ್ವನಿಗಳಲ್ಲಿ ಹತ್ತಾರು ಸಾವಿರ ತುಣುಕುಗಳು ‘ತೋಬರ್ ಅನ್ ದೂಅಲ್ಖಿಸ್’ ಎಂಬ ಸಂಗ್ರಹದ ಮೂಲಕ 2010ರಿಂದ ಲೋಕಕ್ಕೆಲ್ಲ ದೊರೆಯುತ್ತಿವೆ. ಧ್ವನಿಯ ಜೊತೆಯಲ್ಲಿ ಹಾಡಿದವರ ಹೆಸರೂ ಇದೆ.

ಈ ಧರ್ಮವು ನಮ್ಮ ನಾಡಿಗೂ ಸಂಬಂಧಿಸಿದ್ದು. ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರನ್ನು ನಮ್ಮಲ್ಲಿ ಓದಿದವರೆಲ್ಲರೂ ಬಲ್ಲರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಜೊತೆಯಲ್ಲಿ ಕನ್ನಡದ ಕೈಫಿಯತ್ತುಗಳನ್ನೂ ಹಸ್ತಪ್ರತಿಗಳನ್ನೂ ಶಾಸನಗಳ ನಕಲುಗಳನ್ನೂ ರಾಶಿ ರಾಶಿಯಾಗಿ ಕೂಡಿಸಿ, 1815ರಲ್ಲಿ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದವನು ಅವನು. ಅವನು ಹುಟ್ಟಿದುದು ಗೇಲಿಕ್ ಸೀಮೆಯ ಹೃದಯವಾದ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ. ಆದರೆ ನಮ್ಮ ದೇಶದ ಭಾಷೆಗಳು ಅವನಿಗೆ ಬಾರವು. ಅದು ತನ್ನ ಕೊರತೆಯೆಂದು ಅವನೇ ಒಪ್ಪಿಕೊಂಡಿದ್ದಾನೆ. ಊರೂರಿನ ವೃದ್ಧರನ್ನು ಕಂಡು, ಕೇಳಿ, ಓದಿ, ಬರೆದವರು ಕಾವಲಿ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಸಂಗ್ರಹಕ್ಕೆ ನಿಂತ ಹೆಸರು ಮೆಕೆಂಜಿಯದು. ಅವನು ಕೃತಘ್ನನಾಗಿರಲಿಲ್ಲ, ಬೊರಯ್ಯನ ಉಪಕಾರವನ್ನು ಮನಸಾರೆ ನೆನೆದಿದ್ದಾನೆ. ಆದರೂ ಲೋಕವು ಒಂದು ಹೆಸರನ್ನಿಟ್ಟುಕೊಂಡು ಉಳಿದವನ್ನು ಮರೆಯಿತು. ಇಂದು ಲೂಯಿಸ್ ದ್ವೀಪದ ಬಗೆಗೆ ಸಂಶೋಧನೆ ಮಾಡಹೊರಟ ವಿದ್ಯಾರ್ಥಿಯನ್ನು ಮಾರ್ಗದರ್ಶಕರು ಮೊದಲು ಕೇಳುವುದು "ನಿನಗೆ ಗೇಲಿಕ್ ಬರುವುದೇ?" ಎಂದು. ಈ ಪ್ರಶ್ನೆಯಲ್ಲಿ ಇನ್ನೂರು ವರ್ಷಗಳ ಅನುಭವವು ಅಡಗಿದೆ.

ಸಂಶೋಧನೆಯ ಮಿತಿ

ಇಷ್ಟೆಲ್ಲ ಹೊಗಳಿದ ಮೇಲೆ ಸಂಶೋಧನೆಯಿಂದ ಆಗಲಾರದುದನ್ನೂ ಹೇಳದಿದ್ದರೆ ನಾವು ಈ ಲೇಖನದ ತತ್ತ್ವಕ್ಕೇ ದ್ರೋಹ ಬಗೆದಂತಾಗುವುದು. ಪ್ರಬಂಧವು ಭಾಷೆಯನ್ನು ಕಾಪಿಡಬಲ್ಲದು, ಬದುಕಿಸಲಾರದು. 2022ರ ಜನಗಣತಿಯಲ್ಲಿ ಸ್ಕಾಟ್‌ಲೆಂಡಿನಲ್ಲಿ ಗೇಲಿಕ್ ಆಡಬಲ್ಲವರ ಸಂಖ್ಯೆಯು 69,701ಕ್ಕೆ ಏರಿತು. ಶಾಲೆಗಳಲ್ಲಿಯೂ ಪಟ್ಟಣಗಳಲ್ಲಿಯೂ ಹೊಸದಾಗಿ ಕಲಿತವರಿಂದ ಈ ಏರಿಕೆಯಾಗಿದೆ. ಆದರೆ ಅದೇ ಗಣತಿಯಲ್ಲಿ, ಭಾಷೆಯ ತವರಾದ ಪಡುವಣ ದ್ವೀಪಗಳಲ್ಲಿ ಅದನ್ನು ಆಡಬಲ್ಲವರ ಪ್ರಮಾಣವು ನೂರಕ್ಕೆ 52ರಿಂದ 45ಕ್ಕೆ ಇಳಿದು, ಅರ್ಧಕ್ಕಿಂತ ಕಡಮೆಯಾಯಿತು. 2020ರಲ್ಲಿ ಪ್ರಕಟವಾದ ವಿಸ್ತಾರವಾದ ಸಂಶೋಧನೆಯೊಂದು, ಈ ಗತಿಯು ಬದಲಾಗದಿದ್ದರೆ ಹತ್ತು ವರ್ಷಗಳಲ್ಲಿ ಆ ಊರುಗಳ ನಿತ್ಯವ್ಯವಹಾರದಿಂದ ಗೇಲಿಕ್ ಮರೆಯಾಗಬಹುದೆಂದು ಎಚ್ಚರಿಸಿತು. ಅಭಿಮಾನಿಗಳಲ್ಲಿ ಹಲವರಿಗೆ ಆ ಮಾತು ಕಹಿಯಾಯಿತು, ವಾಗ್ವಾದವೂ ನಡೆಯಿತು. ಆದರೆ ಕಹಿಯಾದುದನ್ನು ಹೇಳುವ ಧೈರ್ಯವೇ ಸಂಶೋಧನೆಯು ದೇಶಕ್ಕೆ ಸಲ್ಲಿಸುವ ದೊಡ್ಡ ಸೇವೆ. 2025ರಲ್ಲಿ ಸ್ಕಾಟ್‌ಲೆಂಡಿನ ಪಾರ್ಲಿಮೆಂಟು ಗೇಲಿಕ್ಕಿಗೂ ಸ್ಕಾಟ್ಸ್ ನುಡಿಗೂ ಅಧಿಕೃತ ಸ್ಥಾನವನ್ನು ಕೊಡುವ ಕಾನೂನನ್ನು ಅಂಗೀಕರಿಸಿತು. ಕಾನೂನಿನಲ್ಲಿ ಬಂದ ಭಾಷೆಯು ಮನೆಯ ಒಲೆಯ ಬಳಿಯಲ್ಲಿಯೂ ಉಳಿಯುವಂತೆ ಮಾಡುವುದು ತಾಯಿತಂದೆಗಳ ಕೈಯಲ್ಲಿದೆ, ವಿದ್ವಾಂಸರ ಕೈಯಲ್ಲಿಲ್ಲ.

ಆದರೂ ಆ ವಿದ್ವಾಂಸರ ದುಡಿಮೆ ವ್ಯರ್ಥವಲ್ಲ. ನಾಳೆ ಸ್ಕಾಟ್‌ಲೆಂಡಿನ ಮಗುವೊಂದು ತನ್ನ ಅಜ್ಜಿಯ ಅಜ್ಜಿಯು ಏನು ಹಾಡಿದಳೆಂದು ಕೇಳಿದರೆ ಅದಕ್ಕೆ ಮ್ಯಾಕ್‌ಫರ್ಸನ್ನನ ಕಲ್ಪನೆಯನ್ನು ಕೊಡಬೇಕಾಗಿಲ್ಲ. ಅಜ್ಜಿಯ ಧ್ವನಿಯನ್ನೇ ಕೇಳಿಸಬಹುದು. ಮುಚ್ಚಿದ ಕೊಠಡಿಯ ಪ್ರಶ್ನೆಗಳನ್ನೂ ಮಾರ್ಗದರ್ಶಕರ ಮೊಂಡು ಆಕ್ಷೇಪಣೆಗಳನ್ನೂ ಸಹಿಸಿಕೊಂಡು ಬಂದ ನೂರಾರು ಅಜ್ಞಾತ ವಿದ್ಯಾರ್ಥಿಗಳ ಪುಣ್ಯದಿಂದ ಇದು ಸಾಧ್ಯವಾಯಿತು.

ನಮ್ಮ ವಾಚಕರಲ್ಲಿಯೂ ಹಳ್ಳಿಯ ಹಾಡನ್ನು ಕೇಳಿ ಬರೆದುಕೊಳ್ಳುವ ತರುಣ ತರುಣಿಯರು ಅನೇಕರಿದ್ದಾರೆ. ಅವರಿಗೆ ಈ ದೂರದೇಶದ ಕಥೆಯಿಂದ ನಾವು ಹೇಳಬಯಸುವುದು ಇಷ್ಟೇ. ಹಾಡಿದವಳ ಹೆಸರನ್ನು ಮೊದಲು ಬರೆಯಿರಿ. ತಪ್ಪೆಂದು ತೋರಿದ ಶಬ್ದವನ್ನು ತಿದ್ದಬೇಡಿರಿ. ನಿಮ್ಮ ಬರೆಹವನ್ನು, ನಿಮ್ಮನ್ನು ಹೊಗಳುವವರಿಗೆ ತೋರಿಸುವ ಮುನ್ನ, "ಆಧಾರವೇನು?" ಎಂದು ಕೇಳುವವರಿಗೆ ತೋರಿಸಿರಿ. ನಾಡಿನ ಮೇಲಣ ಪ್ರೀತಿಯು ಆ ಪ್ರಶ್ನೆಯಿಂದ ಕುಂದುವುದಿಲ್ಲ.